ಬಾಗಲಕೋಟೆ ಹಳೇ ಊರಿನ ಟಾಕೀಜು: ಬಾಲ್ಕನಿಯಲ್ಲಿ 16 ಹೊಸ ಸೀಟು

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಈ ಟಾಕೀಜಿನ ಬಾಲ್ಕನಿಯಲ್ಲಿ 16 ಸೀಟಿಗೆ ಹೊಸ ರೆಕ್ಸಿನ್ ಹೊಲಿದು ಹಾಕಿದವಳು ನಾನೇ. ಕೂಲಿ ತಗೊಂಡಿದ್ದೇನೆ. ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಮುಂದೆ ಓದಿ. ಮೊನ್ನೆ ಭಾನುವಾರ ಹೋಗಿದ್ದು ಮಾತ್ರ ಕೆಲಸಕ್ಕಲ್ಲ, ಪಿಚ್ಚರ್ ನೋಡಲಿಕ್ಕೆ. ನಾನು, ಅವ್ವ, ತಂಗಿ, ತಂಗಿಯ ಮಗಳು. ನಾಲ್ಕೂ ಜನಕ್ಕೆ ರೊಕ್ಕ ಕೊಟ್ಟು ಟಿಕೆಟ್ ತಗೊಂಡೆವು.

ಟಾಕೀಜಿನ ಹೆಸರು ಬರೆಯುವುದಿಲ್ಲ. ಮುಂದೇನು ಅಂತ ಮಾಲೀಕರ ಮನೆಯಲ್ಲಿ ಇನ್ನೂ ಮಾತು ನಡೆದಿದೆ. ಈಗಲೇ ಊರ ತುಂಬ ಸುದ್ದಿ ಆಗುವುದು ಬೇಡ ಅಂತ ಮ್ಯಾನೇಜರ್ ಕೇಳಿಕೊಂಡರು. ಅವರ ಮಾತಿಗೆ ಬೆಲೆ ಕೊಡಬೇಕು.

ನವನಗರದವರಿಗೆ, ಅಂದರೆ ಬಾಗಲಕೋಟೆಯ ಹೊಸ ಊರಿನವರಿಗೆ, ಹೋಗುವುದು ಕಷ್ಟವೇನಲ್ಲ. ಸಿಟಿ ಬಸ್ ಹಿಡಿದರೆ ಆಯ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ಇಲ್ಲ. ನನ್ನ ಹೊಲಿಗೆ ಅಂಗಡಿಗೆ ಬರುವ ಹೆಂಗಸರಿಗೆ ನಾನು ಇದನ್ನೇ ಹೇಳುತ್ತಿರುತ್ತೇನೆ. ಪಿಚ್ಚರ್ ನೋಡಲಿಕ್ಕೆ ಹುಬ್ಬಳ್ಳಿ ಮಾಲಿಗೆ ಹೋದರೆ ಇಡೀ ದಿನ ಹೋಗುತ್ತದೆ. ಹಳೇ ಊರಿಗಾದರೆ ಮಧ್ಯಾಹ್ನ ಊಟ ಮುಗಿಸಿ ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಇರಬಹುದು. ಆದರೆ ಮ್ಯಾಟ್ನಿಗೇ ಹೋಗಿ. ಸೆಕೆಂಡ್ ಶೋ ಬಿಡುವ ಹೊತ್ತಿಗೆ ವಾಪಸ್ ಬರಲಿಕ್ಕೆ ಬಸ್ ಸಿಗುವುದಿಲ್ಲ, ಆಟೋದವರು ಕೇಳಿದಷ್ಟು ಕೊಡಬೇಕಾಗುತ್ತದೆ.

ಟಿಕೆಟ್ ಬಾಲ್ಕನಿಗೆ 100 ರೂಪಾಯಿ, ಕೆಳಗೆ 70. 2025ರಲ್ಲಿ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಬೇಕು ಅಂತ ಸರ್ಕಾರ ಆದೇಶ ಮಾಡಿತು, ಹೈಕೋರ್ಟ್ ತಡೆ ಕೊಟ್ಟಿತು, ಟಿವಿಯಲ್ಲಿ ಬಹಳ ದಿನ ಅದೇ ಮಾತು. ನಮ್ಮ ಟಾಕೀಜು ಆ ಮಿತಿಯ ಹತ್ತಿರಕ್ಕೂ ಹೋದದ್ದಲ್ಲ. 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ 12 ಇದ್ದದ್ದು 2025ರ ಸೆಪ್ಟೆಂಬರ್‌ನಿಂದ 5 ಪರ್ಸೆಂಟ್ ಆಗಿದೆ. ಇದರಿಂದ ಸ್ವಲ್ಪ ಉಸಿರಾಡುವ ಹಾಗಾಯಿತು ಅಂತ ಮ್ಯಾನೇಜರ್ ಹೇಳಿದರು. ಮೊದಲು ಕನ್ನಡ ಪಿಚ್ಚರ್‌ಗೆ ಮನರಂಜನಾ ತೆರಿಗೆಯೇ ಇರಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ವಿನಾಯಿತಿ ಹೋಯಿತು. ಗಾಂಧಿ ಕ್ಲಾಸಿನ ಜನ ಕಡಿಮೆಯಾಗಿದ್ದು ಆಗಿನಿಂದ ಅಂತ ಅವರ ಲೆಕ್ಕ. ಆನ್‌ಲೈನ್ ಬುಕಿಂಗ್ ಇಲ್ಲ. ಕಿಟಕಿಗೆ ಹೋಗಿಯೇ ತಗೊಳ್ಳಬೇಕು. ಫೋನ್‌ಪೇ ನಡೆಯುತ್ತದೆ.

ಆ ಕಿಟಕಿಯ ಬಗ್ಗೆ ಹೇಳಲೇಬೇಕು. ಇಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಕಿಟಕಿ ಇದೆ. ಕಟ್ಟಡದ ಎಡಗಡೆ, ಬೇವಿನ ಗಿಡದ ಕೆಳಗೆ. ಗೋಡೆಯ ಮೇಲೆ ‘ಸ್ತ್ರೀಯರಿಗೆ’ ಅಂತ ನೀಲಿ ಬಣ್ಣದಲ್ಲಿ ಬರೆದಿದ್ದಾರೆ. ಬಣ್ಣ ಅರ್ಧ ಅಳಿಸಿದೆ, ಆದರೂ ಓದಬಹುದು. ನಾನು ಸಣ್ಣವಳಿದ್ದಾಗ ಇಲ್ಲಿ ಲೇಡೀಸ್ ಕ್ಲಾಸ್ ಅಂತಲೇ ಬೇರೆ ಇತ್ತು. ಕೆಳಗಡೆ ಹಿಂದಿನ ಭಾಗದಲ್ಲಿ ಎದೆಮಟ್ಟದ ಗೋಡೆ, ಅದರ ಆಚೆ ಹೆಂಗಸರು, ಮಕ್ಕಳು. ಒಳಗೆ ಹೋಗಲಿಕ್ಕೆ ಬೇರೆ ಬಾಗಿಲು. ಅವ್ವ ಮನೆಯಿಂದ ಒಂದು ಕೌದಿ ಮಡಚಿ ತರುತ್ತಿದ್ದಳು. ತಂಗಿಯನ್ನು ಕಾಲ ಬುಡದಲ್ಲಿ ಅದರ ಮೇಲೆ ಮಲಗಿಸಿ, ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಮೂರು ತಾಸು ನೋಡುತ್ತಿದ್ದಳು. ಜಾತ್ರೆ, ಗುಡಿ, ತವರುಮನೆ ಬಿಟ್ಟರೆ ಅವಳು ಹೋಗುತ್ತಿದ್ದ ಜಾಗ ಅದೊಂದೇ. ಬಾಜೂ ಮನೆಯ ಹೆಂಗಸರೆಲ್ಲ ಸೇರಿ ಹೊರಟರೆ ಅಪ್ಪನೂ ಬೇಡ ಅನ್ನುತ್ತಿರಲಿಲ್ಲ.

ಆ ಎದೆಮಟ್ಟದ ಗೋಡೆ ಈಗ ಇಲ್ಲ. ಕಿಟಕಿ ಮಾತ್ರ ಇದೆ, ಭಾನುವಾರ ತೆರೆಯುತ್ತಾರೆ. ಮೊನ್ನೆ ನಾವು ಅಲ್ಲೇ ಟಿಕೆಟ್ ತಗೊಂಡೆವು. ಗಂಡಸರ ನೂಕುನುಗ್ಗಲು ಇಲ್ಲದೆ, ಬೇವಿನ ನೆರಳಲ್ಲಿ ನಿಂತು. ದೊಡ್ಡ ಮಾಲಿನಲ್ಲಿ ಇಂಥದ್ದು ಸಿಗುವುದಿಲ್ಲ. ಮಾಲೀಕರು ಏನು ಬಿಟ್ಟರೂ ಈ ಕಿಟಕಿಯನ್ನು ಬಿಡಬಾರದು.

ಪರದೆ ದೊಡ್ಡದು. ಹುಬ್ಬಳ್ಳಿಯಲ್ಲಿ ನಾನು ನೋಡಿದ ಎರಡು ಸ್ಕ್ರೀನ್‌ಗಿಂತ ದೊಡ್ಡದು. ಟೇಪ್ ಹಿಡಿದು ಅಳೆದಿಲ್ಲ, ಆದರೆ ಕಣ್ಣಳತೆ ನನ್ನ ಕಸುಬು. ಸೀಟಿನ ಕೆಲಸಕ್ಕೆ ಹೋದಾಗ ಹತ್ತಿರ ನಿಂತು ನೋಡಿದೆ. ದೂರದಿಂದ ಒಂದೇ ಹಾಳೆಯ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಮೇಲಿಂದ ಕೆಳಗೆ ಜೋಡಣೆಯ ಗೆರೆಗಳಿವೆ. ಎರಡು ಪಟ್ಟಿ ಸೇರುವ ಕಡೆ ಒಂದು ಸುಕ್ಕೂ ಇಲ್ಲ. ಮಾಡಿದವರ ಕೈ ಒಳ್ಳೆಯ ಕೈ. ಪರದೆಯ ತುಂಬ ಸೂಜಿಮೊನೆಯಷ್ಟು ಸಣ್ಣ ತೂತುಗಳು. ಸ್ಪೀಕರ್ ಪರದೆಯ ಹಿಂದೆ ಇರುತ್ತದೆ, ದನಿ ಆ ತೂತಿನಿಂದ ಮುಂದೆ ಬರುತ್ತದೆ. ಅದಕ್ಕೇ ಹೀರೋ ಮಾತಾಡಿದರೆ ಅವನ ಬಾಯಿಂದಲೇ ಬಂದ ಹಾಗೆ ಕೇಳುವುದು. ಇಷ್ಟು ವರ್ಷ ನೋಡಿದ್ದೆ, ಇದು ಗೊತ್ತೇ ಇರಲಿಲ್ಲ.

ಚಿತ್ರ ಚೊಕ್ಕವಾಗಿ ಬರುತ್ತದೆ. ಬಲಗಡೆ ಕೆಳಮೂಲೆಯಲ್ಲಿ ಒಂದು ಕಲೆ ಇದೆ, ಮಳೆಗಾಲದಲ್ಲಿ ಸೋರಿದ್ದು. ಪರದೆ ಬೆಳ್ಳಗಾದಾಗ ಮಾತ್ರ ಕಾಣುತ್ತದೆ. ದನಿ ಎಡಗಡೆ ಸ್ವಲ್ಪ ಕಡಿಮೆ. ಹಾಗಾಗಿ ಬಾಲ್ಕನಿಯಲ್ಲಿ ಬಲಗಡೆ ಕೂತರೆ ಒಳ್ಳೆಯದು. ಎಸಿ ಇಲ್ಲ. ಫ್ಯಾನ್ ಇವೆ, ಸದ್ದು ಮಾಡುತ್ತವೆ, ಹಾಡು ಬಂದಾಗ ಗೊತ್ತಾಗುವುದಿಲ್ಲ, ಮೆಲ್ಲಗೆ ಮಾತಾಡುವ ಸೀನಿನಲ್ಲಿ ಗೊತ್ತಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮ್ಯಾಟ್ನಿ ಕಷ್ಟ. ಆಗ ಫಸ್ಟ್ ಶೋ ನೋಡಿ. ಕರೆಂಟ್ ಒಮ್ಮೆ ಹೋಯಿತು. ಜನರೇಟರ್ ಹಚ್ಚುವ ತನಕ ಮೂರು ನಿಮಿಷ ಕತ್ತಲೆ. ತಂಗಿಯ ಮಗಳು ಹೆದರಲಿಲ್ಲ, ಎಲ್ಲರೂ ಮೊಬೈಲ್ ಟಾರ್ಚ್ ಹಚ್ಚಿ ಛಾವಣಿಗೆ ಹಿಡಿದದ್ದು ನೋಡಿ ಖುಷಿಪಟ್ಟಳು.

ಈಗ ಸೀಟಿನ ಮಾತು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಮ್ಯಾನೇಜರ್ ನನ್ನ ಅಂಗಡಿಗೆ ಬಂದರು. ನಾನು ಹೊಲಿಯುವುದು ಜಾಸ್ತಿ ಜಂಪರ್. ಗುಳೇದಗುಡ್ಡದ ಖಣ, ರೇಷ್ಮೆ, ಮದುವೆ ಸೀಸನ್ನಿನಲ್ಲಿ ಅಂಚು ಕಟ್ಟುವ ಕೆಲಸ. ರೆಕ್ಸಿನ್ ಕೆಲಸ ಸ್ವಲ್ಪ ಮಾಡುತ್ತೇನೆ, ಆಟೋ ಸೀಟು, ಸ್ಕೂಟರ್ ಕವರ್. "ಅಕ್ಕಾರ, ಬಾಲ್ಕನ್ಯಾಗ ನಲವತ್ತು ಸೀಟ್ ಹರದಾವ್ರಿ, ಹೊಲದ್ ಕೊಡ್ರಿ" ಅಂದರು. ಒಂದು ಸೀಟಿಗೆ 450 ರೂಪಾಯಿ, ರೆಕ್ಸಿನ್, ಫೋಮ್ ಸೇರಿ, ಅಂತ ಮಾತಾಯಿತು. ಮರೂನ್ ಬಣ್ಣದ ರೆಕ್ಸಿನ್ ತರಿಸಿದೆ. ಹಳೆಯದು ಯಾವ ಬಣ್ಣ ಇತ್ತೋ ಅದೇ.

ಮೊದಲ ಸೀಟು ಬಿಚ್ಚಿದ್ದು ನೆನಪಿದೆ. ಸುತ್ತ ಸಣ್ಣ ಮೊಳೆಗಳು, ಒಂದೊಂದಾಗಿ ಇಕ್ಕಳದಿಂದ ಎಳೆದೆ. ಮೇಲಿನ ರೆಕ್ಸಿನ್ ಎದ್ದಿತು. ಅದರ ಕೆಳಗೆ ಇನ್ನೊಂದು ರೆಕ್ಸಿನ್, ಅದಕ್ಕಿಂತ ಹಳೆಯದು. ಅದರ ಕೆಳಗೆ ಗೋಣಿಬಟ್ಟೆ, ಆಮೇಲೆ ತೆಂಗಿನ ನಾರು, ತಳದಲ್ಲಿ ತುಕ್ಕು ಹಿಡಿದ ಸ್ಪ್ರಿಂಗ್. ನಾರಿನ ಒಳಗೆ ಶೇಂಗಾ ಸಿಪ್ಪೆ, ಎರಡು ಹೇರ್‌ಪಿನ್, ಬಳೆ ಚೂರು, ಹೂವಿನ ಹಾಗೆ ಅಂಚಿದ್ದ ಹಳೇ ಹತ್ತು ಪೈಸೆ ಒಂದು. ಗುಲಾಬಿ ಬಣ್ಣದ ಟಿಕೆಟ್ ತುಂಡೂ ಸಿಕ್ಕಿತು, ಅಕ್ಷರ ಅಳಿಸಿಹೋಗಿತ್ತು. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ ಮ್ಯಾನೇಜರ್ ಟೇಬಲ್ ಮೇಲೆ ಇಟ್ಟೆ. ಅವರು ಆ ಹತ್ತು ಪೈಸೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು.

ನಾರು ಹಾಗೆಯೇ ಬಿಟ್ಟೆ. ಅದು ಚೆನ್ನಾಗಿಯೇ ಇತ್ತು, ಬಿಸಿಲಿಗೆ ಹಾಕಿ ಬಡಿದು ಮತ್ತೆ ತುಂಬಿದೆ. ಮೇಲೆ ಒಂದು ಇಂಚು ಫೋಮ್, ಅದರ ಮೇಲೆ ರೆಕ್ಸಿನ್. ರೆಕ್ಸಿನ್ನಿಗೆ 18 ನಂಬರ್ ಸೂಜಿ ಬೇಕು, ನೈಲಾನ್ ದಾರ ಬೇಕು, ಹೊಲಿಗೆ ಉದ್ದ ಇಡಬೇಕು. ಹೊಲಿಗೆ ಒತ್ತೊತ್ತಾದರೆ ತೂತು ಜಾಸ್ತಿಯಾಗಿ ಆ ಗೆರೆಯಲ್ಲೇ ಹರಿಯುತ್ತದೆ. ದಿನಕ್ಕೆ ನಾಲ್ಕರಂತೆ ನಾಲ್ಕು ದಿನದಲ್ಲಿ 16 ಸೀಟು ಮುಗಿಸಿದೆ. ಐದನೇ ದಿನ ಹೋದರೆ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದರು.

"ಅಕ್ಕಾರ, ಸದ್ಯಕ್ಕ ಇಷ್ಟಕ್ಕ ಬಿಡ್ರಿ. ಮುಳುಗಡಿ ಲೈನ್ ಎಲ್ಲಿ ಬೀಳ್ತೈತಿ ಅನ್ನೂದು ತಿಳಿಲಿ. ಆಮ್ಯಾಗ ನೋಡೂಣು ಅಂತ ಮನ್ಯಾಗ ಅಂದಾರ್ರಿ."

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮ ಊರಿನವರಿಗೆ ವಿವರಿಸುವುದೇ ಬೇಡ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಅಷ್ಟಕ್ಕೇ ಘಟಪ್ರಭೆಯ ಹಿನ್ನೀರು ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳಿಗೆ ಬಂತು, ನಾವೆಲ್ಲ ನವನಗರಕ್ಕೆ ಬಂದೆವು. 2010ರ ಡಿಸೆಂಬರ್‌ನಲ್ಲಿ ಕೃಷ್ಣಾ ನ್ಯಾಯಾಧಿಕರಣ ಎತ್ತರವನ್ನು 524.256 ಮೀಟರ್‌ಗೆ ಏರಿಸಬಹುದು ಅಂತ ತೀರ್ಪು ಕೊಟ್ಟಿತು. ವ್ಯತ್ಯಾಸ ನಾಲ್ಕೂವರೆ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನನ್ನ ಟೇಪಿನಲ್ಲಿ ಹದಿನೈದು ಅಡಿ. ಟಾಕೀಜಿನ ಕೆಳಗಿನ ನೆಲದಿಂದ ಬಾಲ್ಕನಿಯ ಬಾಗಿಲಿಗೆ ಹೆಚ್ಚು ಕಡಿಮೆ ಅಷ್ಟೇ ಎತ್ತರ. ತೀರ್ಪು ಬಂದು ಇಷ್ಟು ವರ್ಷವಾಯಿತು, ಗೇಟ್ ಏರಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು. ನೀರಾವರಿ ಹೊಲ ಎಕರೆಗೆ 40 ಲಕ್ಷ, ಒಣಬೇಸಾಯದ್ದು 30 ಲಕ್ಷ. ಹೊಲ ಇದ್ದವರಿಗೆ ಒಂದು ಲೆಕ್ಕ ಸಿಕ್ಕಿತು. ಟಾಕೀಜಿಗೆ ಯಾವ ಲೆಕ್ಕ? ಎಕರೆಯಲ್ಲಿ ಅಳೆಯುವಂಥದ್ದಲ್ಲ ಅದು.

ಈ ಕಾಯುವಿಕೆ ಏನು ಮಾಡುತ್ತದೆ ಅಂತ ನನಗೆ ನನ್ನ ಮನೆಯಿಂದ ಗೊತ್ತು. ಮನೆ ಮುಳುಗುತ್ತದೆ ಅಂತ ಸುದ್ದಿ ಬಂದ ಮೇಲೆ ನಮ್ಮ ಅಪ್ಪ ಮನೆಗೆ ಸುಣ್ಣ ಹಚ್ಚುವುದನ್ನೇ ಬಿಟ್ಟ. ಪ್ರತಿ ದೀಪಾವಳಿಗೆ ಅವ್ವ ಕೇಳುತ್ತಿದ್ದಳು. "ಹ್ಯಾಂಗೂ ಮುಳುಗೂ ಮನಿ, ಸುಣ್ಣಾ ಹಚ್ಚಿ ಏನ್ ಮಾಡ್ತಿ?" ಅನ್ನುತ್ತಿದ್ದ. ಮಾಳಿಗೆ ಸೋರಿದರೆ ಮಣ್ಣು ಹಾಕಿಸಲಿಲ್ಲ, ಕೆಳಗೆ ಪಾತ್ರೆ ಇಟ್ಟ. ಬಾಗಿಲಿನ ಚಿಲಕ ಮುರಿದರೆ ಹಗ್ಗ ಕಟ್ಟಿದ. ಒಂದು ವರ್ಷ, ಎರಡು ವರ್ಷ ಅಲ್ಲ, ಬಹಳ ವರ್ಷ ಹಾಗೇ ನಡೆಯಿತು. ಅವ್ವ ಮಾತ್ರ ಅಪ್ಪ ಸಂತೆಗೆ ಹೋದಾಗ ದೇವರ ಜಗಲಿಗೆ ಸುಣ್ಣ ಹಚ್ಚುತ್ತಿದ್ದಳು. ಕೊನೆಗೆ ಅಳತೆಗೆ ಜನ ಬಂದರು. ಗೋಡೆ, ಮಾಳಿಗೆ, ಬಾಗಿಲು, ಕಿಟಕಿ ಒಂದೊಂದನ್ನೇ ನೋಡಿ ಬರೆದುಕೊಂಡರು. ಆಗ ನಮ್ಮ ಮನೆ ಅಷ್ಟು ಸೊರಗಿತ್ತು. ನೀರು ಆಮೇಲೆ ಬಂತು. ಮನೆ ಅದಕ್ಕಿಂತ ಮೊದಲೇ ಹೋಗಿತ್ತು.

ಟಾಕೀಜಿಗೂ ಈಗ ಅದೇ ಆಗುತ್ತಿದೆ. ಜನ ಬರುವುದಿಲ್ಲ, ಎಲ್ಲರೂ ಮೊಬೈಲಿನಲ್ಲಿ ನೋಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಅದೂ ನಿಜ. 2020ರಲ್ಲಿ ಕೊರೊನಾದಿಂದ ತಿಂಗಳುಗಟ್ಟಲೆ ಬಾಗಿಲು ಹಾಕಿದ್ದೂ ದೊಡ್ಡ ಪೆಟ್ಟು. ಅದೇ ವರ್ಷ ಮೈಸೂರಿನ ಶಾಂತಲಾ ಟಾಕೀಸ್ ಶಾಶ್ವತವಾಗಿ ಮುಚ್ಚಿತು. ಅದಕ್ಕೂ ಮೊದಲೇ ಬೆಂಗಳೂರಿನ ಕಪಾಲಿ ಹೋಗಿತ್ತು. ಅಲ್ಲಿ ನೀರಿನ ಭಯ ಇರಲಿಲ್ಲ. ಆದರೆ ನಮ್ಮಲ್ಲಿ ಹರಿದ ಸೀಟನ್ನು ಹೊಲಿಸದೆ ಬಿಟ್ಟದ್ದು ಮೊಬೈಲಿನಿಂದಲ್ಲ. ಹೇಗೂ ಮುಳುಗುವುದಲ್ವಾ ಅನ್ನುವ ಒಂದು ಮಾತಿನಿಂದ. ಸೀಟು ಹರಿದಿದೆ ಅಂತ ಜನ ಬರುವುದಿಲ್ಲ. ಜನ ಬರುವುದಿಲ್ಲ ಅಂತ ಸೀಟು ಹೊಲಿಸುವುದಿಲ್ಲ.

ಮಾಲೀಕರನ್ನು ಬೈಯಲಿಕ್ಕೆ ನನಗೆ ಮನಸ್ಸಿಲ್ಲ. ನಮ್ಮ ಅಪ್ಪನೂ ಕೆಟ್ಟವನಾಗಿರಲಿಲ್ಲ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಉಳಿದ 24 ಸೀಟಿಗೆ 450ರಂತೆ 10,800 ರೂಪಾಯಿ. 108 ಬಾಲ್ಕನಿ ಟಿಕೆಟ್. ಅದರಲ್ಲಿ ತೆರಿಗೆ, ಹಂಚಿಕೆದಾರರ ಪಾಲು, ಕರೆಂಟ್ ಎಲ್ಲ ತೆಗೆದು ಮೂರು ಪಟ್ಟು ಟಿಕೆಟ್ ಬೇಕು ಅಂತಲೇ ಇಟ್ಟುಕೊಳ್ಳಿ. ಮೊನ್ನೆ ಭಾನುವಾರದ ಮ್ಯಾಟ್ನಿಗೆ ನಾನೇ ಎಣಿಸಿದೆ, ಮೇಲೆ ಕೆಳಗೆ ಸೇರಿ 61 ಜನ. ಎರಡು ತಿಂಗಳ ಭಾನುವಾರದಲ್ಲಿ ಆ ದುಡ್ಡು ಬರುತ್ತದೆ. ಇನ್ನು ಐದು ವರ್ಷ ಏನೂ ಆಗುವುದಿಲ್ಲ ಅಂತ ಯಾರಾದರೂ ಬರೆದುಕೊಟ್ಟರೆ ಸಾಕು, ಮ್ಯಾನೇಜರ್ ನಾಳೆಯೇ ನನ್ನನ್ನು ಕರೆಯುತ್ತಾರೆ. ಎರಡು ವರ್ಷ ಅಂದರೂ ಕರೆದಾರು. ತಾರೀಖೇ ಇಲ್ಲದಿದ್ದರೆ ಏನು ಮಾಡುವುದು?

ಮುಳುಗುವುದೇ ಖರೆ ಆದರೆ ಇನ್ನೊಂದು ಮಾತು. ಮನೆ ಹೋದವರಿಗೆ ನವನಗರದಲ್ಲಿ ಸೈಟು ಕೊಟ್ಟರು. ಗುಡಿಗಳಿಗೆ, ಶಾಲೆಗಳಿಗೆ ಜಾಗ ಮಾಡಿದರು. ಟಾಕೀಜಿಗೂ ಹಾಗೇ ಒಂದು ಜಾಗ ಬೇಕು. ಗೋಡೆ, ಛಾವಣಿ ಅಳೆದು ರೊಕ್ಕ ಕೊಟ್ಟು ಕೈ ತೊಳೆದುಕೊಂಡರೆ ಆ ರೊಕ್ಕದಲ್ಲಿ ಕಲ್ಯಾಣ ಮಂಟಪ ಏಳುತ್ತದೆ, ಟಾಕೀಜು ಏಳುವುದಿಲ್ಲ.

ಬಾಲ್ಕನಿಗೆ ಹೋಗುವವರು 1ರಿಂದ 16ರವರೆಗಿನ ಸೀಟು ಕೇಳಿ ತಗೊಳ್ಳಿ. 17ರಿಂದ 40 ಹಳೆಯವು. ಕೆಲವು ಪರವಾಗಿಲ್ಲ, 23, 24 ಮತ್ತು 31ರಲ್ಲಿ ಕೂರಬೇಡಿ, ಸ್ಪ್ರಿಂಗ್ ಮೇಲೆ ಬಂದಿದೆ, ಸೀರೆ ಹರಿಯುತ್ತದೆ. ವಯಸ್ಸಾದವರು ಜೊತೆಗಿದ್ದರೆ ಬಾಲ್ಕನಿ ಬೇಡ. ಮೆಟ್ಟಿಲು ಕಡಿದು, ಒಂದೇ ಕಡೆ ಕೈಹಿಡಿಕೆ. ನಮ್ಮ ಅವ್ವನಿಗೆ 74, ಮೊಣಕಾಲು ನೋವು. ಕೆಳಗೆ ಕೂರೋಣ ಅಂದರೆ ಕೇಳಲಿಲ್ಲ. "ನೀ ಹೊಲದ ಸೀಟ್‌ನ್ಯಾಗ ಕುಂದರ್ತೀನಿ" ಅಂತ ಹಟ. ಗೇಟ್‌ಕೀಪರ್ ಹುಡುಗ ಕೈ ಹಿಡಿದು ಹತ್ತಿಸಿದ. "ಸಾವಕಾಶ ಬರ್ರಿ ಅಮ್ಮಾರ, ಪಿಚ್ಚರ್ ಎಲ್ಲೂ ಹೋಗೂದಿಲ್ಲ" ಅಂದ. ಕೆಲಸಕ್ಕಿರುವವರ ನಡವಳಿಕೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಸಂಡಾಸಿಗೆ ಅಂಕವೇ ಇಲ್ಲ. ಹೆಂಗಸರಿಗೆ ಎರಡು ಇವೆ, ಒಂದಕ್ಕೆ ಬೀಗ. ಇನ್ನೊಂದರಲ್ಲಿ ಬಲ್ಬ್ ಇಲ್ಲ, ಒಳಗಿನ ಚಿಲಕ ಕೂರುವುದಿಲ್ಲ. ತಂಗಿ ಬಾಗಿಲು ಹಿಡಿದು ನಿಂತಳು. ಇದಕ್ಕೆ ಮುಳುಗಡೆಯ ಮಾತು ತರಬೇಡಿ ಅಂತ ಮ್ಯಾನೇಜರ್‌ಗೆ ಅಲ್ಲೇ ಹೇಳಿದೆ. ಒಂದು ಬಲ್ಬ್, ಒಂದು ಚಿಲಕ, ಒಂದು ಬಕೆಟ್. 300 ರೂಪಾಯಿ ಕೆಲಸ. ಹೆಣ್ಣುಮಕ್ಕಳಿಗೆ ಬೇರೆ ಕಿಟಕಿ ಇಟ್ಟು ಸಂಡಾಸು ಹೀಗಿಟ್ಟರೆ ಆ ಕಿಟಕಿಗೆ ಅರ್ಥ ಉಳಿಯುವುದಿಲ್ಲ. ಈ ವಾರ ಮಾಡಿಸುತ್ತೇನೆ ಅಂದಿದ್ದಾರೆ. ಮುಂದಿನ ಸಲ ಹೋದಾಗ ನೋಡಿ ಬರೆಯುತ್ತೇನೆ.

ಇಂಟರ್ವಲ್‌ನಲ್ಲಿ ಹೊರಗೇಟು ತೆರೆಯುತ್ತಾರೆ. ಗಾಡಿಯಲ್ಲಿ ಗಿರ್ಮಿಟ್, ಮಿರ್ಚಿ, ಚಹಾ. ಮಿರ್ಚಿ ಬಿಸಿ ಇತ್ತು, ಗಿರ್ಮಿಟ್‌ಗೆ ಉಳ್ಳಾಗಡ್ಡಿ ಕೈಬಿಚ್ಚಿ ಹಾಕಿದ್ದರು. ನಾಲ್ಕು ಜನಕ್ಕೆ 120 ರೂಪಾಯಿ. ಮನೆಯಿಂದ ನೀರಿನ ಬಾಟಲಿ ತಂದರೂ ಯಾರೂ ತಡೆಯುವುದಿಲ್ಲ.

ಪಿಚ್ಚರ್ ಬಿಟ್ಟ ಮೇಲೆ ಆಪರೇಟರ್ ಕಾಕಾ ನಮ್ಮನ್ನು ಕ್ಯಾಬಿನ್ನಿಗೆ ಕರೆದರು. ತಂಗಿಯ ಮಗಳಿಗೆ ತೋರಿಸಲಿಕ್ಕೆ. ಈಗಿನ ಡಿಜಿಟಲ್ ಮಷಿನ್ ಒಂದು ಮೂಲೆಯಲ್ಲಿದೆ. ಪಿಚ್ಚರ್ ಅದರೊಳಗೇ ಬಂದು ಕೂರುತ್ತದೆ, ಕೀಲಿ ಅಂತ ಒಂದು ನಂಬರ್ ಬಂದರೆ ಮಾತ್ರ ನಡೆಯುತ್ತದೆ. ನೋಡಲಿಕ್ಕೆ ಅಂಥದ್ದೇನಿಲ್ಲ. ಅದರ ಪಕ್ಕದಲ್ಲಿ ಹಳೇ ಮಷಿನ್ ಎರಡು, ಬಟ್ಟೆ ಹೊದಿಸಿ ಇಟ್ಟಿದ್ದಾರೆ. ಬಟ್ಟೆ ತೆಗೆದು ತೋರಿಸಿದರು. ಕಾರ್ಬನ್ ಕಡ್ಡಿ ಎರಡು ಎದುರುಬದುರು, ನಡುವೆ ಕಿಡಿ, ಅದರ ಬೆಳಕಿನಲ್ಲೇ ಇಷ್ಟು ದೊಡ್ಡ ಪರದೆ ತುಂಬುತ್ತಿತ್ತಂತೆ. ಕಡ್ಡಿ ಉರಿದು ಸವೆದ ಹಾಗೆ ಹತ್ತಿರ ಸರಿಸುತ್ತಾ ಇರಬೇಕು. ಒಂದು ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ದುಂಡು ಚುಕ್ಕೆ ಬರುತ್ತದೆ. ಮೊದಲನೇ ಚುಕ್ಕೆಗೆ ಇನ್ನೊಂದು ಮಷಿನ್ ಶುರು, ಎರಡನೇ ಚುಕ್ಕೆಗೆ ಬೆಳಕು ಬದಲು. ಕೂತವರಿಗೆ ಗೊತ್ತೇ ಆಗಬಾರದು. "ಒಮ್ಮಿನೂ ತಪ್ಪಿಸಿಲ್ರಿ" ಅಂದರು ಕಾಕಾ.

ಆಮೇಲೆ ಒಂದು ಸಣ್ಣ ಮುಚ್ಚಳ ಬಿಚ್ಚಿ, ಕೈಯಿಂದ ಮೆಲ್ಲಗೆ ತಿರುಗಿಸಿದರು. ಒಳಗೆ ಶಿಲುಬೆಯ ಆಕಾರದ ಚಕ್ರ ಒಂದು ಇದೆ. ಅದು ಟಕ್ ಅಂತ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ಟಕ್. ರೀಲು ಒಂದೇ ಸಮ ಓಡುವುದಿಲ್ಲ. ಒಂದು ಚಿತ್ರ ಬಂದು ನಿಲ್ಲುತ್ತದೆ, ಬೆಳಕು ಬೀಳುತ್ತದೆ, ಬೆಳಕು ಮುಚ್ಚಿದಾಗ ಮುಂದಿನದು ಬರುತ್ತದೆ. ಸೆಕೆಂಡಿಗೆ 24 ಸಲ. ನೋಡುತ್ತಿದ್ದ ಹಾಗೆ ನನ್ನ ಮೈ ಜುಮ್ಮೆಂದಿತು. ಇದು ನನ್ನ ಹೊಲಿಗೆ ಮಷಿನ್ ಅಲ್ವಾ? ಸೂಜಿ ಬಟ್ಟೆಯಲ್ಲಿ ಇರುವಾಗ ಬಟ್ಟೆ ನಿಂತಿರಬೇಕು. ಸೂಜಿ ಮೇಲೆದ್ದಾಗ ಕೆಳಗಿನ ಹಲ್ಲು ಬಟ್ಟೆಯನ್ನು ಒಂದು ಹೆಜ್ಜೆ ಸರಿಸಬೇಕು. ಮೂವತ್ತು ವರ್ಷದಿಂದ ನಾನು ಕಾಲಲ್ಲಿ ತುಳಿದದ್ದು ಇದನ್ನೇ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಅಣ್ಣತಮ್ಮಂದಿರು ಸಿನಿಮಾ ಯಂತ್ರ ಮಾಡಿದಾಗ ರೀಲನ್ನು ನಿಲ್ಲಿಸಿ ನಿಲ್ಲಿಸಿ ಸರಿಸುವ ಉಪಾಯ ಹೊಳೆದದ್ದು ಹೊಲಿಗೆ ಮಷಿನ್ ನೋಡಿಯೇ ಅಂತೆ.

ಕಾಕಾ ಆ ಎರಡೂ ಮಷಿನ್‌ಗೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಾರೆ. ಯಾರೂ ಹೇಳಿಲ್ಲ, ಸಂಬಳದಲ್ಲಿ ಅದರ ಲೆಕ್ಕವಿಲ್ಲ. ಓಡಿಸುವುದೂ ಇಲ್ಲ. ಯಾಕೆ ಅಂತ ಕೇಳಿದೆ. "ಬಿಟ್ರ ಜಂಗ್ ಹಿಡೀತೈತ್ರಿ" ಅಂದರು. ನಾನು ಬಳಸುವುದೂ ಅದೇ ಎಣ್ಣೆ, ಅದೇ ಉದ್ದ ಮೂತಿಯ ಡಬ್ಬಿ.

ಬಸ್ಸಿನಲ್ಲಿ ಬರುವಾಗ ಅವ್ವ ಕಿಟಕಿ ಪಕ್ಕ ಕೂತಿದ್ದಳು. ಹಿನ್ನೀರು ಕಂಡಾಗ ನಮ್ಮ ಓಣಿ ಇದ್ದ ಕಡೆಗೆ ಕೈ ತೋರಿಸುವುದು ಅವಳ ರೂಢಿ. ಮೊನ್ನೆ ತೋರಿಸಲಿಲ್ಲ. ಪಿಚ್ಚರಿನ ಕಥೆಯನ್ನೇ ಮೊಮ್ಮಗಳಿಗೆ ಮತ್ತೆ ಹೇಳುತ್ತಿದ್ದಳು, ಅವಳೂ ಪಕ್ಕದಲ್ಲೇ ಕೂತು ನೋಡಿದ್ದರೂ.

ಹೋಗುವವರು ಇದೇ ತಿಂಗಳು ಹೋಗಿ. ವಾರದ ದಿನ ಹತ್ತು ಜನ ಆಗದಿದ್ದರೆ ಶೋ ನಿಲ್ಲಿಸುತ್ತಾರೆ, ಆದ್ದರಿಂದ ಮೊದಲು ಫೋನ್ ಮಾಡಿ. ಹೋಳಿಯ ಬಣ್ಣದ ದಿನಗಳಲ್ಲಿ ಶೋ ಇರುವುದಿಲ್ಲ. ಹೆಣ್ಣುಮಕ್ಕಳು ಗುಂಪು ಮಾಡಿಕೊಂಡು ಭಾನುವಾರದ ಮ್ಯಾಟ್ನಿಗೆ ಹೋದರೆ ಬೇವಿನ ಗಿಡದ ಕಿಟಕಿ ತೆರೆದಿರುತ್ತದೆ.

ಮರೂನ್ ರೆಕ್ಸಿನ್ ಇನ್ನೂ ನನ್ನ ಅಂಗಡಿಯಲ್ಲೇ ಇದೆ. ಬೇರೆ ಕೆಲಸಕ್ಕೆ ತೆಗೆದಿಲ್ಲ. 24 ತುಂಡು ಆಗಲೇ ಕತ್ತರಿಸಿದ್ದೆ, ಪ್ರತಿಯೊಂದರ ಹಿಂದೆ ಚಾಕ್‌ಪೀಸಿನಲ್ಲಿ ಸೀಟಿನ ನಂಬರ್ ಬರೆದಿದ್ದೆ. ಎತ್ತಿ ಇಟ್ಟು ಮಾಡುವಾಗ ಚಾಕ್‌ಪೀಸಿನ ಪುಡಿ ಉದುರಿ ನಂಬರ್ ಅಳಿಸುತ್ತದೆ. ಸೋಮವಾರ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಕೂತು 17ರಿಂದ 40ರವರೆಗೆ ಮತ್ತೆ ಬರೆದೆ. ಈ ಸಲ ಪೆನ್ನಿನಲ್ಲಿ.